ಬೋಟಿಗಿಂತ ಮೊದಲು ಐಸ್

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ರಜೆ ಮುಗಿದೊಡನೆ ಮಲ್ಪೆ, ಮಂಗಳೂರು, ಗಂಗೊಳ್ಳಿಯ ಬೋಟುಗಳೆಲ್ಲ ಒಟ್ಟಿಗೆ ಕಡಲಿಗಿಳಿಯಲು ಸಜ್ಜಾಗುತ್ತವೆ. ಡೀಸೆಲ್‌ಗೆ ಸಾಲು, ಬಲೆ ಹೆಣೆಯುವವರಿಗೆ ಬಿಡುವಿಲ್ಲ, ಎಂಜಿನ್ ಮೆಕ್ಯಾನಿಕ್ ಕೈಗೆ ಸಿಗುವುದಿಲ್ಲ. ಈ ಕೆಲಸಗಳಲ್ಲಿ ಒಂದು ತಡವಾದರೆ ಬೋಟು ಒಂದೆರಡು ದಿನ ತಡವಾಗಿ ಹೊರಡುತ್ತದೆ, ಅಷ್ಟೆ. ಐಸ್ ಕಳಪೆಯಾದರೆ ಮಾತ್ರ ಹತ್ತು ದಿನದ ದುಡಿಮೆಯೇ ಕಡಿಮೆ ದರಕ್ಕೆ ಹೋಗುತ್ತದೆ. ಬಂದರಿನ ಉದ್ಯಮಗಳ ಸರಪಳಿಯಲ್ಲಿ ಎಲ್ಲರಿಗಿಂತ ಕಡಿಮೆ ಗಮನ ಸಿಗುವ ಕೊಂಡಿ ಐಸ್ ಪ್ಲಾಂಟ್.

ಬ್ಲಾಕ್ ಐಸ್ ತಯಾರಾಗುವುದು ಮೈನಸ್ 8ರಿಂದ ಮೈನಸ್ 10 ಡಿಗ್ರಿಯ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟ ಕ್ಯಾನ್‌ಗಳಲ್ಲಿ. ಹೆಪ್ಪುಗಟ್ಟುವ ಸಮಯ ಕ್ಯಾನಿನ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ: ದಪ್ಪ ಎರಡು ಪಟ್ಟಾದರೆ ಸಮಯ ಸುಮಾರು ನಾಲ್ಕು ಪಟ್ಟು. ಸುಮಾರು 19 ಸೆಂ.ಮೀ. ದಪ್ಪದ ಕ್ಯಾನಿಗೆ 18ರಿಂದ 20 ಗಂಟೆ ಬೇಕು. ಹೊರಗಿನ ಪದರ ಬೇಗ ಗಟ್ಟಿಯಾಗುತ್ತದೆ, ನಡುವಿನ ತಿರುಳು ಕೊನೆಗೆ. ಆಗಸ್ಟಿನ ಒತ್ತಡದಲ್ಲಿ ಎರಡು ಮೂರು ಗಂಟೆ ಮೊದಲೇ ಕ್ಯಾನ್ ಎತ್ತಿದರೆ ಹೊರಗೆ ಬ್ಲಾಕ್, ಒಳಗೆ ನೀರು. ನೋಡಲು ಪೂರ್ಣ ಬ್ಲಾಕಿನಂತೆಯೇ ಇರುತ್ತದೆ. ಆದರೆ ಐಸ್ ಮೀನನ್ನು ತಣಿಸುವುದು ಕರಗುವಾಗ ಹೀರುವ ಶಾಖದಿಂದ, ಕಿಲೋಗೆ 334 ಕಿಲೋಜೂಲ್. ತಿರುಳಿನ ನೀರಿಗೆ ಆ ಶಕ್ತಿ ಇಲ್ಲ. ಕೊಳ್ಳುವವರು ಪ್ರತಿ ಲೋಡಿನಲ್ಲಿ ಒಂದೆರಡು ಬ್ಲಾಕನ್ನು ನಡುವಿಗೆ ಒಡೆದು ನೋಡಬೇಕು. ತೂತು ಬಿದ್ದ ಕ್ಯಾನಿನೊಳಗೆ ತೊಟ್ಟಿಯ ಉಪ್ಪುನೀರು ಸೇರಿದ್ದರೆ ಬ್ಲಾಕ್ ಮೆತ್ತಗಿರುತ್ತದೆ; ನಾಲಿಗೆಗೆ ಉಪ್ಪು ತಾಗಿದರೆ ಆ ಕ್ಯಾನನ್ನು ಪಕ್ಕಕ್ಕಿಡಲು ಹೇಳಿ.

ಒಂದು ಟನ್ ಬ್ಲಾಕ್ ಐಸ್‌ಗೆ ನಮ್ಮ ಹವೆಯಲ್ಲಿ 55ರಿಂದ 70 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಯಂತ್ರದ ಶಾಖವನ್ನು ಹೊರಬಿಡುವ ಕಂಡೆನ್ಸರ್ ಕೊಳವೆಗೆ ಸುಣ್ಣ ಕಟ್ಟಿದರೆ ಖರ್ಚು ಏರುತ್ತದೆ, ಉತ್ಪಾದನೆ ಇಳಿಯುತ್ತದೆ. ಅದನ್ನು ಸ್ವಚ್ಛ ಮಾಡುವ ಕಾಲ ರಜೆಯ ಎರಡು ತಿಂಗಳೇ. ಜುಲೈ ಕೊನೆಯ ವಾರದಿಂದಲೇ ತೊಟ್ಟಿ ಚಾಲೂ ಮಾಡಿ ಶೀತಕೋಣೆಯಲ್ಲಿ ಬ್ಲಾಕ್ ಸಂಗ್ರಹಿಸುವ ಪ್ಲಾಂಟ್ ಮೊದಲ ವಾರದ ನೂಕುನುಗ್ಗಲಲ್ಲಿ ಅರೆಗಟ್ಟಿದ ಐಸ್ ಮಾರಬೇಕಾಗಿ ಬರುವುದಿಲ್ಲ.

ಎಷ್ಟು ಐಸ್ ಬೇಕು? 30 ಡಿಗ್ರಿಯಲ್ಲಿರುವ ಒಂದು ಕಿಲೋ ಮೀನನ್ನು ಸೊನ್ನೆಗೆ ಇಳಿಸಲು ಲೆಕ್ಕದ ಪ್ರಕಾರ ಮೂರನೇ ಒಂದು ಕಿಲೋ ಸಾಕು. ಆದರೂ ತಾಂಡೇಲರು, ಅಂದರೆ ಬೋಟು ನಡೆಸುವವರು, ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಪ್ರಮಾಣ ಹಿಡಿಯುವುದು ಸರಿಯೇ. ಉಳಿದ ಐಸ್ ಹೋಗುವುದು ಬೋಟಿನಲ್ಲಿ ಮೀನು ತುಂಬುವ ಕೋಣೆಯ ಗೋಡೆಯಿಂದ ಒಳಬರುವ ಬಿಸಿಯನ್ನು ತಡೆಯಲು. ಹಾಗಾಗಿ ಐಸ್ ಉಳಿಸಬೇಕೆನ್ನುವವರು ಮೊದಲು ಗೋಡೆಯನ್ನು ನೋಡಬೇಕು. ಫೋಮ್ ಹೊದಿಕೆಯ ಮೇಲಿನ ಫೈಬರ್ ಪದರ ಸೀಳಿದರೆ ನೀರು ಫೋಮಿಗೆ ಇಳಿಯುತ್ತದೆ. ನೆನೆದ ಫೋಮ್ ಬಿಸಿ ತಡೆಯುವುದಿಲ್ಲ, ಬೋಟಿನ ಭಾರವನ್ನೂ ಹೆಚ್ಚಿಸುತ್ತದೆ. ಕೈಯಿಂದ ತಟ್ಟುತ್ತಾ ಹೋಗಿ, ಸದ್ದು ಮಂಕಾದ ಕಡೆ ಸಣ್ಣ ತುಂಡು ಕೊರೆದು ಹಿಂಡಿ ನೋಡಿದರೆ ಗೊತ್ತಾಗುತ್ತದೆ.

ತೊಡಕಿರುವುದು ಇಲ್ಲಿ: ಬೋಟುಗಳೆಲ್ಲ ದಡ ಹತ್ತುವುದು ಕರಾವಳಿಯಲ್ಲಿ ಮಳೆ ಅತಿ ಹೆಚ್ಚಿರುವ ಎರಡು ತಿಂಗಳಲ್ಲಿ. ಸೀಳಿದ ಫೈಬರ್ ಪದರವನ್ನು ದುರಸ್ತಿ ಮಾಡುವ ಪಾಲಿಯೆಸ್ಟರ್ ರಾಳ ತೇವದ ಮೇಲೆ ಸರಿಯಾಗಿ ಅಂಟುವುದಿಲ್ಲ, ಗಟ್ಟಿಯಾಗುವುದೂ ನಿಧಾನ. ನಾರ್ವೆಯ ವಿಲ್ಸನ್ ಕಂಪನಿಯಿಂದ 3,800 ಟನ್ ಸಾಮರ್ಥ್ಯದ ಸರಕು ಹಡಗುಗಳ ಆರ್ಡರ್ ಪಡೆದ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇರುವುದು ಇದೇ ಮಲ್ಪೆಯಲ್ಲಿ. ಊರಿನಲ್ಲಿ ಕೌಶಲಕ್ಕೆ ಬರವಿಲ್ಲ. ಬೋಟಿನವರಿಗೆ ಬೇಕಾಗಿರುವುದು ಒಣಗಿದ ಸೂರಿನಡಿಯ ಜಾಗ, ಸರದಿಯ ಪಟ್ಟಿ. ಮೀನುಗಾರರ ಸಂಘಗಳು ಇದನ್ನು ಕೈಗೆತ್ತಿಕೊಂಡರೆ ದೊಡ್ಡ ಉಪಕಾರ.

ಬ್ಲಾಕಿನ ಬದಲು ತೆಳು ಚೂರುಗಳ ಫ್ಲೇಕ್ ಐಸ್ ತಂದರೆ ಎಲ್ಲ ಸರಿಯಾಗುತ್ತದೆ ಎನ್ನುವವರಿದ್ದಾರೆ. ಅದು ಮೀನಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ, ನಿಜ. ಆದರೆ ಒಂದು ಟನ್ ಫ್ಲೇಕ್‌ಗೆ 2.2 ಘನ ಮೀಟರಿಗೂ ಹೆಚ್ಚು ಜಾಗ ಬೇಕು, ಪುಡಿ ಮಾಡಿದ ಬ್ಲಾಕ್‌ಗೆ 1.5ರಷ್ಟು ಸಾಕು. ಹತ್ತು ದಿನದ ಟ್ರಿಪ್ಪಿಗೆ ಆ ಜಾಗ ಮೀನಿನದ್ದು. ದೂರ ಹೋಗುವ ಟ್ರಾಲ್ ಬೋಟಿಗೆ ಬ್ಲಾಕ್, ದಡದಲ್ಲಿ ಪೆಟ್ಟಿಗೆ ತುಂಬಲು ಫ್ಲೇಕ್ ಎಂಬುದು ನಮ್ಮ ಅಭಿಪ್ರಾಯ.

ಬೋಟಿನಲ್ಲಿ ಐಸ್ ಸಾಲದಾದಾಗ ಅದು ಅಂಜಲ್, ಸಿಗಡಿ, ಬೊಂಡಾಸ್‌ಗೆ ಹೋಗುತ್ತದೆ. ರಾಣಿಮೀನು ಹಾಗೇ ಉಳಿಯುತ್ತದೆ. ಮೀನಿನ ಮಾಂಸವನ್ನು ತೊಳೆದು ಮುದ್ದೆ ಮಾಡುವ ಸುರಿಮಿ ಕಾರ್ಖಾನೆ ಕೇಳುವುದು ಅದೇ ರಾಣಿಮೀನನ್ನು, ತಾಜಾ ಆಗಿ. ಮಾಂಸದ ಪ್ರೋಟೀನ್ ಕೆಟ್ಟ ಮೇಲೆ ಎಷ್ಟು ತಣ್ಣೀರಲ್ಲಿ ತೊಳೆದರೂ, ಸಕ್ಕರೆ, ಸೋರ್ಬಿಟಾಲ್ ಬೆರೆಸಿದರೂ ಅದು ಜೆಲ್ ಕಟ್ಟುವುದಿಲ್ಲ. ಆ ಮೀನು ಮುಂದೆ ಹೋಗುವುದು ಮೀನುಹುಡಿ ಮಾಡುವ ಫಿಶ್‌ಮಿಲ್‌ಗೆ. ಅಲ್ಲಿ ಒಂದು ಕಿಲೋ ಮೀನುಹುಡಿಗೆ ನಾಲ್ಕರಿಂದ ಐದು ಕಿಲೋ ಹಸಿಮೀನು ಬೇಕು, ದರವೂ ಅದಕ್ಕೆ ತಕ್ಕಷ್ಟೇ. ಬಂಗುಡೆ, ಬೂತಾಯಿಯಲ್ಲಿ ಅಪಾಯ ಬೇರೆ ಬಗೆಯದು: ಬಿಸಿಯಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಎಂಬ ವಿಷವಸ್ತುವನ್ನು ಉಂಟುಮಾಡುತ್ತವೆ, ಅದು ಬೇಯಿಸಿದರೂ ನಾಶವಾಗುವುದಿಲ್ಲ. ಯುರೋಪಿಗೆ ಹೋಗುವ ಲಾಟಿನ ಒಂಬತ್ತು ಮಾದರಿಗಳ ಹಿಸ್ಟಮಿನ್ ಸರಾಸರಿ ಕಿಲೋಗೆ 100 ಮಿ.ಗ್ರಾಂ. ದಾಟುವಂತಿಲ್ಲ.

ಆದ್ದರಿಂದ ಬಲೆ ಮೇಲೆ ಬಂದ ತಕ್ಷಣ ಮೀನು ನೆರಳಿಗೆ ಹೋಗಬೇಕು. ತಳಕ್ಕೆ 15 ಸೆಂ.ಮೀ. ಪುಡಿ ಐಸ್, ಮೇಲೆ ಮೀನಿನ ತೆಳು ಪದರ, ಮತ್ತೆ ಐಸ್. ಗೋಡೆಯ ಬದಿಗೂ ಐಸ್. ರಾಶಿ ಅರ್ಧ ಮೀಟರ್ ಮೀರಿದರೆ ಅಡಿಯ ಮೀನು ಜಜ್ಜಿಹೋಗುತ್ತದೆ, ನಡುವೆ ಹಲಗೆ ಹಾಕಿ. ಕರಗಿದ ನೀರಿನಲ್ಲಿ ರಕ್ತ, ಲೋಳೆ ಎರಡೂ ಇರುತ್ತವೆ. ಪ್ರತಿ ದಿನ ಪಂಪ್ ಮಾಡಿ ಹೊರಹಾಕಿ.