ಪದ ಪರಿಚಯ: ರಿವರ್ಸ್ ಸ್ವಿಚ್

ಕಾರಿನ ಹಿಂದಿನ ಬಿಳಿ ಲೈಟ್ ಹತ್ತದಿದ್ದರೆ ಗ್ಯಾರೇಜಿನಲ್ಲಿ ಮೊದಲು ಕೇಳುವ ಮಾತು, "ರಿವರ್ಸ್ ಸ್ವಿಚ್ ಹೋಗಿರ್ಬೇಕು". ಇದನ್ನು ಡ್ಯಾಶ್‌ಬೋರ್ಡಿನಲ್ಲಿ ಹುಡುಕಬೇಡಿ. ಇದು ಗೇರ್‌ಬಾಕ್ಸಿನ ಮೈಗೆ ತಿರುಪಿ ಕೂರಿಸಿರುವ ಸಣ್ಣ ಸಾಮಾನು. ಒಳತುದಿಯಲ್ಲಿ ಒಂದು ಪುಟ್ಟ ಗುಂಡು ಅಥವಾ ಪಿನ್, ಹೊರತುದಿಯಲ್ಲಿ ಎರಡು ವೈರಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್). ನೀವು ರಿವರ್ಸ್ ಗೇರ್ ಹಾಕಿದಾಗ ಒಳಗಿನ ಭಾಗ ಆ ಪಿನ್ನನ್ನು ಒತ್ತುತ್ತದೆ, ಕರೆಗಂಟೆಯ ಬಟನ್ ಒತ್ತಿದ ಹಾಗೆ, ಕರೆಂಟ್ ಹರಿಯುತ್ತದೆ, ಲೈಟ್ ಹತ್ತುತ್ತದೆ. ಕೆಲಸ ಇಷ್ಟೇ.

ಆದರೆ ಲೈಟ್ ಹತ್ತಲಿಲ್ಲ ಅಂದ ಕೂಡಲೇ ಸ್ವಿಚ್ ಬದಲಿಸುವುದು ತಪ್ಪು. ಬ್ಯಾಟರಿಯಿಂದ ಹೊರಟ ಕರೆಂಟ್ ಕೀ, ಫ್ಯೂಸ್, ಸ್ವಿಚ್, ಬಲ್ಬ್ ದಾಟಿ ಅರ್ತಿಗೆ, ಅಂದರೆ ಕಾರಿನ ಲೋಹದ ಮೈಗೆ, ಸೇರಬೇಕು. ಇದರಲ್ಲಿ ಎಲ್ಲಿ ತಪ್ಪಿದರೂ ಹಿಂದೆ ಕತ್ತಲೆಯೇ.

ಹೇಗೆ ನೋಡೋದು? ಸಂಜೆ ಹೊತ್ತು ಕಾರಿನ ಹಿಂಭಾಗ ಕಾಂಪೌಂಡ್ ಗೋಡೆ ಕಡೆ ಬರುವಂತೆ ನಿಲ್ಲಿಸಿ. ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಎಳೆದು, ಕೀ ಆನ್ ಮಾಡಿ ರಿವರ್ಸ್ ಹಾಕಿ. ಗೋಡೆಯ ಮೇಲೆ ಒಂದೇ ಕಡೆ ಬೆಳಕು ಬಿದ್ದರೆ ಫ್ಯೂಸೂ ಸ್ವಿಚ್ಚೂ ಸರಿಯಾಗಿವೆ, ಹತ್ತದ ಬದಿಯ ಬಲ್ಬ್, ಹೋಲ್ಡರ್ ಅಥವಾ ವೈರ್ ನೋಡಿದರೆ ಸಾಕು. (ಕೆಲವು ಕಾರುಗಳಿಗೆ ಕಂಪನಿಯಿಂದಲೇ ಒಂದೇ ರಿವರ್ಸ್ ಲೈಟ್ ಇರುತ್ತದೆ, ಅದನ್ನು ಮೊದಲು ಖಚಿತ ಮಾಡಿಕೊಳ್ಳಿ.) ಎರಡೂ ಹತ್ತದಿದ್ದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ಸ್ವಿಚ್. ಎರಡು ಬಲ್ಬ್ ಒಟ್ಟಿಗೆ ಹೋಗುವುದು ಅಪರೂಪ. ಪಾರ್ಕಿಂಗ್ ಸೆನ್ಸರ್ ಕೂಡ ಕೂಗದಿದ್ದರೆ ಅನುಮಾನ ಇನ್ನಷ್ಟು ಗಟ್ಟಿ, ಯಾಕೆಂದರೆ ಎಷ್ಟೋ ಕಾರುಗಳಲ್ಲಿ ಸೆನ್ಸರಿಗೂ ಕರೆಂಟ್ ಇದೇ ವೈರಿನಿಂದ ಹೋಗುತ್ತದೆ.

ಸ್ವಿಚ್ಚನ್ನೇ ಪರೀಕ್ಷಿಸಲು ಒಂದು ಸುಲಭದ ದಾರಿ ಇದೆ. ಎಂಜಿನ್ ತಣ್ಣಗಾದ ಮೇಲೆ ಸ್ವಿಚ್ಚಿನ ಕಪ್ಲರ್ ಕಳಚಿ. ಅದರಲ್ಲಿ ಎರಡೇ ವೈರ್ ಇದ್ದರೆ, ಎರಡಕ್ಕೂ ಒಂದು ತುಂಡು ವೈರ್ ಜೋಡಿಸಿ ಕೀ ಆನ್ ಮಾಡಿ. ಲೈಟ್ ಹತ್ತಿತಾ, ಹಾಗಾದರೆ ಸ್ವಿಚ್ ಹೋಗಿದ್ದು ನಿಜ. ಹತ್ತಲಿಲ್ಲವಾ, ಸ್ವಿಚ್ಚಿಗೆ ದುಡ್ಡು ಹಾಕಬೇಡಿ, ವೈರಿಂಗ್ ನೋಡಿ. ಆಟೋಮ್ಯಾಟಿಕ್ ಕಾರುಗಳಲ್ಲಿ ಈ ಕೆಲಸವನ್ನು ಗೇರ್ ಯಾವ ಸ್ಥಾನದಲ್ಲಿದೆ ಎಂದು ತಿಳಿಸುವ ಬೇರೆ ಸ್ವಿಚ್ ಮಾಡುತ್ತದೆ. ಅದಕ್ಕೆ ಸುಮ್ನೆ ಕೈ ಹಾಕುವುದು ಬೇಡ, ತಿಳಿದವರಿಗೆ ಬಿಡಿ.

ನಮ್ಮ ಕರಾವಳಿಯಲ್ಲಿ ನಾನು ಮೊದಲು ಅನುಮಾನಿಸುವುದು ಕಿಲುಬನ್ನು. ಪಣಂಬೂರು, ಮಲ್ಪೆ, ಕಾಪು ಕಡೆಯ ಉಪ್ಪುಗಾಳಿ ಒಂದೆಡೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ ಇನ್ನೊಂದೆಡೆ. ಹಿಂದಿನ ಲ್ಯಾಂಪಿನ ರಬ್ಬರ್ ಸ್ವಲ್ಪ ಸವೆದಿದ್ದರೂ ಸಾಕು, ನೀರು ಒಳಗೆ. ಬಲ್ಬ್ ಕಳಚಿ ಹೋಲ್ಡರ್ ಒಳಗೆ ಟಾರ್ಚ್ ಹಾಕಿ ನೋಡಿ. ಹಿತ್ತಾಳೆ ಪಟ್ಟಿಯ ಮೇಲೆ ಹಸಿರು ಹುಡಿ ಕಂಡರೆ ಅದೇ ರೋಗ. ಕೀ ಆಫ್ ಮಾಡಿ, ನಯವಾದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ರಬ್ಬರ್ ಬದಲಿಸದೆ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಅದೇ ಕತೆ. ಲೈಟ್ ಮಂಕಾಗಿ ಉರಿಯುತ್ತಿದ್ದರೆ ಹೆಚ್ಚಾಗಿ ಅದು ಅರ್ತ್ ತೊಂದರೆಯೇ, ಕಾರಿನ ಲೋಹದ ಮೈಗೆ ಸ್ಕ್ರೂ ಹಾಕಿರುವ ವೈರಿನ ತುದಿಯಲ್ಲಿ ತುಕ್ಕು ಹಿಡಿದಿರುತ್ತದೆ. ಹಿಂಬಾಗಿಲಿನಲ್ಲೇ ಲ್ಯಾಂಪ್ ಇರುವ ಕಾರಾದರೆ ಕೀಲಿನ ಹತ್ತಿರ ಬಾಗಿ ಬಾಗಿ ವೈರ್ ಒಳಗೊಳಗೇ ತುಂಡಾಗುತ್ತದೆ, ಅಲ್ಲಿನ ರಬ್ಬರ್ ಕೊಳವೆ ಸರಿಸಿ ನೋಡಿ.

"ಸೆನ್ಸರ್ ಇದೆಯಲ್ಲ, ಲೈಟ್ ಯಾಕೆ?" ಅನ್ನುವವರಿದ್ದಾರೆ. ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ 2019ರ ಜುಲೈಯಿಂದ ಕಡ್ಡಾಯವಾಗಿದೆ, ನಿಜ. ಆದರೆ ಅದು ಕೂಗುವುದು ನಿಮಗೆ. ಮಂಗಳೂರಿನ ಕದ್ರಿ, ಬಿಜೈ ಕಡೆಯ ಇಳಿಜಾರು ಓಣಿಯಲ್ಲಿ ಕೊಡೆ ಹಿಡಿದು ನಡೆದು ಬರುವವರಿಗೆ ಕಾರು ಹಿಂದೆ ಬರ್ತಿದೆ ಅಂತ ಗೊತ್ತಾಗುವುದು ಆ ಬಿಳಿ ಬೆಳಕಿನಿಂದಲೇ ಅಲ್ವಾ?

ಬಲ್ಬ್ ಬದಲಿಸುವಾಗ ಹಳೆಯದರ ವ್ಯಾಟ್ ಓದಿ, ಅಷ್ಟೇ ವ್ಯಾಟಿನದು ತನ್ನಿ. ಸಾಮಾನ್ಯವಾಗಿ ಸಿಗುವುದು 12 ವೋಲ್ಟ್, 21 ವ್ಯಾಟ್. ಎರಡು ಬಲ್ಬ್ ಸೇರಿ ಎಳೆಯುವುದು ಸುಮಾರು 3.5 ಆಂಪಿಯರ್. ಅದಕ್ಕಿಂತ ತುಂಬಾ ಜಾಸ್ತಿ ಎಳೆಯುವುದು ಹಾಕಿದರೆ ಹೋಲ್ಡರ್ ಕರಗಬಹುದು. ಎಲ್‌ಇಡಿ ಹಾಕಿ ಹತ್ತದಿದ್ದರೆ ಒಮ್ಮೆ ತಿರುಗಿಸಿ ಹಾಕಿ ನೋಡಿ, ಅದಕ್ಕೆ ಪ್ಲಸ್ ಮೈನಸ್ ಇದೆ. ಸ್ವಿಚ್ಚೇ ಬದಲಿಸಿದ್ದರೆ ವಾಷರ್ ಹೊಸದಿರಲಿ, ಮರುದಿನ ಬೆಳಿಗ್ಗೆ ಕಾರಿನ ಅಡಿಯಲ್ಲಿ ಗೇರ್ ಆಯಿಲ್ ತೊಟ್ಟಿಕ್ಕಿದೆಯಾ ಅಂತ ನೋಡಿಬಿಡಿ.