ಇಲ್ಲದ ಬ್ರೇಕನ್ನು ಕಾಲು ಯಾಕೆ ಹುಡುಕುತ್ತದೆ?

ಪ್ರಶ್ನೆ: ನಮ್ಮ ಮಗನಿಗೆ ಚಿಕ್ಕಂದಿನಿಂದಲೂ ಕಾರಿನ ಹುಚ್ಚು. ಈಗ ಮೈಸೂರಿಗೆ ಹೋದಾಗಲೆಲ್ಲ ಮಾಲ್‌ನಲ್ಲಿ ವಿಆರ್ (ಇಲ್ಲದ ಲೋಕವನ್ನು ಸುತ್ತಲೂ ಇದ್ದಂತೆ ತೋರಿಸುವ) ಕನ್ನಡಕ ಹಾಕಿಕೊಂಡು ರೇಸ್ ಓಡಿಸಬೇಕು ಅಂತಾನೆ. ಮೊನ್ನೆ ನಾನೂ ಹಾಕಿಕೊಂಡು ನೋಡಿದೆ. ಎಲ್ಲ ಸುಳ್ಳು ಅಂತ ಗೊತ್ತಿದ್ದೂ ತಿರುವಿನಲ್ಲಿ ಮೈ ವಾಲಿತು, ಕಾಲು ಗಟ್ಟಿಯಾಗಿ ಬ್ರೇಕ್ ಒತ್ತಿತು, ಐದೇ ನಿಮಿಷಕ್ಕೆ ತಲೆ ಸುತ್ತಿತು. ಗೊತ್ತಿದ್ದೂ ಮೈ ಯಾಕೆ ನಂಬುತ್ತದೆ? ಅವನಿಗೆ ಅದರಲ್ಲಿ ಅಂಥದ್ದೇನು ಸಿಗುತ್ತದೆ?
— ಓದುಗರೊಬ್ಬರು, ಮಂಡ್ಯ

ಉತ್ತರ: ಕಾರಿನಲ್ಲಿ ಕೂತವರಿಗೆ ಫೋನ್ ಮಾಡಿ ಎಲ್ಲಿದ್ದೀರಿ ಅಂತ ಕೇಳಿ. "ಸಿಗ್ನಲ್‌ನಲ್ಲಿ ನಿಂತಿದ್ದೀನಿ" ಅನ್ನುತ್ತಾರೆ. ನಿಂತಿರುವುದು ಕಾರು, ಇವರು ಕೂತಿದ್ದಾರೆ. ಹಿಂದಿನ ಗಾಡಿ ಬಂಪರ್‌ಗೆ ತಾಗಿದರೆ "ನನಗೆ ಗುದ್ದಿಬಿಟ್ಟ ಸಾರ್" ಅಂತ ಇಳಿದು ಬರುತ್ತಾರೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಈ ಎರಡು ಮಾತಿನಲ್ಲೇ ಇದೆ.

ನಮ್ಮ ಮೈ ಎಲ್ಲಿಗೆ ಮುಗಿಯುತ್ತದೆ ಅನ್ನುವುದನ್ನು ಮಿದುಳು ಚರ್ಮ ನೋಡಿ ತೀರ್ಮಾನಿಸುವುದಿಲ್ಲ. ಕಣ್ಣಿಗೆ ಕಂಡದ್ದು, ಮುಟ್ಟಿದಾಗ ತಿಳಿದದ್ದು ಒಂದಕ್ಕೊಂದು ತಾಳೆಯಾದರೆ ಸಾಕು, ಅಷ್ಟನ್ನೂ "ನಾನು" ಅಂತ ಲೆಕ್ಕಕ್ಕೆ ಹಿಡಿಯುತ್ತದೆ. 1998ರಲ್ಲಿ ಬಾಟ್ವಿನಿಕ್ ಮತ್ತು ಕೊಹೆನ್ ಎಂಬ ಇಬ್ಬರು ವಿಜ್ಞಾನಿಗಳು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ನಿಜವಾದ ಕೈಯನ್ನು ಅಡ್ಡ ಪರದೆಯ ಆಚೆ ಬಚ್ಚಿಟ್ಟು, ಕಣ್ಣೆದುರು ಒಂದು ರಬ್ಬರ್ ಕೈ ಇಟ್ಟರು. ಎರಡರ ಮೇಲೂ ಒಂದೇ ಹೊತ್ತಿಗೆ ಕುಂಚದಿಂದ ಸವರಿದರು. ಕೆಲವೇ ನಿಮಿಷದಲ್ಲಿ ಕೂತವರಿಗೆ ಆ ರಬ್ಬರ್ ಕೈಯೇ ತಮ್ಮದು ಅನ್ನಿಸತೊಡಗಿತು. 2003ರಲ್ಲಿ ಆರ್ಮೆಲ್ ಮತ್ತು ವಿ.ಎಸ್. ರಾಮಚಂದ್ರನ್ ಇನ್ನೂ ಮುಂದೆ ಹೋಗಿ ಆ ರಬ್ಬರ್ ಬೆರಳನ್ನು ಹಿಂದಕ್ಕೆ ಬಗ್ಗಿಸಿದರು. ನೋಡುತ್ತಿದ್ದವರ ಚರ್ಮ ಬೆವರಿತು. ಅದು ರಬ್ಬರ್ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಬೆವರುವ ಮುಂಚೆ ಮೈ ನಮ್ಮ ತಿಳಿವಳಿಕೆಯನ್ನು ಒಂದು ಮಾತೂ ಕೇಳುವುದಿಲ್ಲ.

ದೇವರಾಜ ಮಾರ್ಕೆಟ್ ಸುತ್ತಲ ಇಕ್ಕಟ್ಟಿನಲ್ಲಿ ಕನ್ನಡಿ ತಾಗದ ಹಾಗೆ ನುಸುಳುವವರು ಟೇಪು ಹಿಡಿದು ಅಳೆದಿರುವುದಿಲ್ಲ. ತಮ್ಮ ಭುಜದ ಅಗಲ ಗೊತ್ತಿರುವಂತೆಯೇ ಕಾರಿನ ಅಗಲವೂ ಗೊತ್ತು. ಚಾಮುಂಡಿ ಬೆಟ್ಟ ಇಳಿಯುವಾಗ ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕ್ ತುಳಿಯುವವರು ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ (ನಮ್ಮ ಮನೆಯಲ್ಲಿ ಅದು ನಾನೇ). ಆ ಕಾಲಿಗೆ ಯಾವ ಕನ್ನಡಕವೂ ಬೇಕಾಗಿಲ್ಲ.

ಹಾಗಾಗಿ ಕಾರಿನ ಹುಚ್ಚು ಅಂದರೆ ಬರೀ ಅಂತಸ್ತಿನ ಆಸೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದೂ ಇದೆ ಅನ್ನಿ. ಆದರೆ ಅಂತಸ್ತು ಅಂದರೇನೆಂದೇ ತಿಳಿಯದ ಮೂರು ವರ್ಷದ ಮಗುವೂ ತಟ್ಟೆಯನ್ನೇ ಸ್ಟೀರಿಂಗ್ ಮಾಡಿಕೊಂಡು ಬುರ್ರ್ ಅನ್ನುತ್ತದಲ್ಲ! ಕೈ ಇಷ್ಟೇ ಇಷ್ಟು ತಿರುಗಿಸಿದರೆ ಟನ್ ತೂಕದ ಯಂತ್ರ ಮಾತು ಕೇಳುತ್ತದೆ, ನಮ್ಮ ಮೈಯೇ ಅಷ್ಟಗಲ ಬೆಳೆದ ಹಾಗೆ. ಈ ರುಚಿ ಕಾರಿಗಿಂತ ಹಳೆಯದು. ನಿಮ್ಮ ಕಡೆ ಎತ್ತಿನ ಗಾಡಿ ಓಟದಲ್ಲಿ ಹಳ್ಳಿಕಾರ್ ಜೋಡಿಯ ಹಿಂದೆ ನಿಂತವನ ಮುಖ ನೋಡಿದರೆ ತಿಳಿಯುತ್ತದೆ. ಇನ್ನು ಹೆಡ್‌ಲೈಟು ಕಣ್ಣಿನಂತೆ, ಗ್ರಿಲ್ಲು ಬಾಯಿಯಂತೆ ಕಾಣುವುದರಿಂದ ಕಾರು ಬರೀ ಯಂತ್ರವಾಗಿಯೂ ಉಳಿಯುವುದಿಲ್ಲ. ಆಯುಧಪೂಜೆಯ ದಿನ ಕುಂಕುಮ ಎಲ್ಲಿ ಇಡುತ್ತೀರಿ, ನೆನಪಿಸಿಕೊಳ್ಳಿ. ಸರಿಯಾಗಿ ಹಣೆಗೇ.

ಗಾಡಿಯ ಸುಖವನ್ನು ಗಾಡಿಯಿಲ್ಲದೆ ಕೊಡುವ ಆಸೆಯೂ ಈಗಿನದಲ್ಲ. ಮಾರ್ಟನ್ ಹೈಲಿಗ್ ಎಂಬಾತ 1962ರಲ್ಲಿ ಪೇಟೆಂಟ್ ಪಡೆದ ಸೆನ್ಸೊರಾಮಾ ಯಂತ್ರದಲ್ಲಿ ಕೂತರೆ ನ್ಯೂಯಾರ್ಕ್‌ನ ಬ್ರೂಕ್ಲಿನ್ ಬೀದಿಗಳಲ್ಲಿ ಮೋಟಾರ್‌ಸೈಕಲ್ ಸವಾರಿ! ಸೀಟು ನಡುಗುತ್ತಿತ್ತು, ಫ್ಯಾನಿನಿಂದ ಗಾಳಿ ಬೀಸುತ್ತಿತ್ತು, ಬೀದಿಯ ವಾಸನೆ ಕೂಡ ಬರುತ್ತಿತ್ತು. ಈಗಿನ ಕನ್ನಡಕ ಕಟ್ಟಿಕೊಡುವುದು ಹೆಚ್ಚಾಗಿ ನೋಟ ಮತ್ತು ಸದ್ದನ್ನು. ಆದರೆ ನೀವು ಕತ್ತು ತಿರುಗಿಸಿದ ಕೂಡಲೇ ನೋಟವೂ ತಿರುಗುತ್ತದೆ. ಮಿದುಳಿಗೆ ಬೇಕಾದ ತಾಳೆ ಅಲ್ಲಿ ಸಿಕ್ಕಿಬಿಡುತ್ತದೆ.

ತಲೆಸುತ್ತು ಬರುವುದು ಆ ತಾಳೆ ತಪ್ಪಿದ ಕಡೆ. ಒಳಕಿವಿಯಲ್ಲಿ ಮೈಯ ಚಲನೆ ಅಳೆಯುವ ದ್ರವ ತುಂಬಿದ ಸಣ್ಣ ನಾಳಗಳಿವೆ. ಊಟಿ ಬಸ್ಸಿನಲ್ಲಿ ಫೋನ್ ನೋಡುತ್ತಾ ಕೂತರೆ ಕಿವಿ "ಓಡುತ್ತಿದ್ದೀಯ" ಅನ್ನುತ್ತದೆ, ಕಣ್ಣು "ಇಲ್ಲ" ಅನ್ನುತ್ತದೆ. ವಿಆರ್‌ನಲ್ಲಿ ಇದೇ ಜಗಳ ತಿರುವುಮುರುವು. ಬಸ್ಸಿನ ಡ್ರೈವರ್‌ಗೆ ವಾಂತಿ ಬರುವುದು ಅಪರೂಪ, ಯಾಕೆಂದರೆ ಮುಂದಿನ ತಿರುವು ಅವನಿಗೆ ಮೊದಲೇ ಗೊತ್ತು. ನಿಮ್ಮ ಮಗನಿಗೂ ಆ ಟ್ರ್ಯಾಕು ಬಾಯಿಪಾಠವಾಗಿರಬೇಕು. ಆಡುತ್ತಾ ಆಡುತ್ತಾ ಒಗ್ಗಿಯೂ ಹೋಗಿರುತ್ತದೆ.

ಅಲ್ಲಿ ಕಲಿತದ್ದೆಲ್ಲ ಸುಳ್ಳು ಅಂತಲೂ ಅಲ್ಲ. ಬ್ರಿಟನ್ನಿನ ಯಾನ್ ಮಾರ್ಡೆನ್‌ಬರೊ ಮನೆಯಲ್ಲಿ ಕಾರ್ ಗೇಮ್ ಆಡಿಯೇ 2011ರಲ್ಲಿ ಸ್ಪರ್ಧೆ ಗೆದ್ದು, 2013ರಲ್ಲಿ ಲೆ ಮಾನ್ಸ್‌ನ 24 ಗಂಟೆ ಓಟದಲ್ಲಿ ನಿಜವಾದ ರೇಸ್ ಕಾರು ಓಡಿಸಿದ, ನಡುವೆ ಕಠಿಣ ತರಬೇತಿ ಪಡೆದು. ಆಟದಲ್ಲಿ ಸಿಗದಿರುವುದು ಎದೆ ಹಿಂದಕ್ಕೆ ಒತ್ತುವ ವೇಗದ ಭಾರ, ಮತ್ತೆ ಪ್ರಾಣಭಯ. ಗುದ್ದಿದರೆ ಅಲ್ಲಿ ಒಂದು ಗುಂಡಿ ಒತ್ತಿ ಮತ್ತೆ ಶುರು ಮಾಡಬಹುದು.

ಮುಂದಿನ ಸಲ ನೀವು ಆಡುವುದಾದರೆ ಕೂತೇ ಆಡಿ, ಮುಖಕ್ಕೆ ಫ್ಯಾನ್ ಇರಲಿ, ಬಾಯಲ್ಲಿ ನೀರೂರಿ ತಣ್ಣಗೆ ಬೆವರು ಬಂದ ತಕ್ಷಣ ಕನ್ನಡಕ ತೆಗೆಯಿರಿ. ಕಿವಿ-ಕಣ್ಣಿನ ಜಗಳ ಆಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಒಂದು ಕಾಫಿ ಕುಡಿದು, ತಲೆ ಪೂರ್ತಿ ತಿಳಿಯಾದ ಮೇಲೆಯೇ ಮಂಡ್ಯದ ಕಡೆ ಕಾರು ತೆಗೆಯಿರಿ.