ಮಳೆಗಾಲದ ಕೆಂಪು ನೀರು ಬೇರೆ, ಡ್ರೆಜರ್ ಕದಡಿದ ನೀರು ಬೇರೆ

"ಮಳೆಗಾಲದಲ್ಲಿ ಹೊಳೆಯೇ ಕೆಂಪಗೆ ಹರಿಯುತ್ತದೆ. ಆಗ ಸಾಯದ ಮೀನು, ಬೆಳಚು ನಮ್ಮ ಡ್ರೆಜರ್ ಬಂದ ಕೂಡಲೇ ಸಾಯುತ್ತವೆಯೇ ಸರ್?"

ನದಿ ಕಡಲು ಸೇರುವ ಅಳಿವೆಗಳಲ್ಲಿ ಹೂಳೆತ್ತುವ ಯೋಜನೆಗಳಿಗೆ ಪರಿಸರ ಪರಿಣಾಮದ ವರದಿ ಬರೆಯುವುದು ನನ್ನ ಕೆಲಸ. ಕಾರವಾರದಿಂದ ಭಟ್ಕಳದವರೆಗೆ ಯಾವ ಸಭೆಗೆ ಹೋದರೂ ಈ ಪ್ರಶ್ನೆ ತಪ್ಪುವುದಿಲ್ಲ. ಡ್ರೆಜರ್ ಎಂದರೆ ತಳದ ಹೂಳೆತ್ತುವ ಯಂತ್ರ, ಬೆಳಚು ಎಂದರೆ ತಳದ ಮರಳಿನಲ್ಲಿ ಬದುಕುವ ಚಿಪ್ಪುಜೀವಿ. ಕೇಳುವವರು ದಡ್ಡರಲ್ಲ, ಅನುಭವಿ ಎಂಜಿನಿಯರುಗಳು. ಆದರೂ ಪ್ರತಿ ಸಲ ಮೊದಲಿನಿಂದ ಹೇಳಬೇಕಾಗುತ್ತದೆ. ಈಗ ಒಮ್ಮೆ ಬರೆದೇ ಬಿಡುತ್ತೇನೆ.

ನಾನು ಹೂಳೆತ್ತುವುದರ ವಿರೋಧಿಯಲ್ಲ. ಶರಾವತಿ ಸಮುದ್ರ ಸೇರುವ ಹೊನ್ನಾವರದ ಅಳಿವೆಯಲ್ಲಿ ಮರಳ ದಿಬ್ಬಕ್ಕೆ ಸಿಕ್ಕಿ ದೋಣಿಗಳು ಮಗುಚುತ್ತವೆ. ಹೂಳು ತೆಗೆಯಿರಿ ಎಂದು ಅಲ್ಲಿ ಮೀನುಗಾರರೇ ಕೇಳುತ್ತಾರೆ, ಆ ಬೇಡಿಕೆ ನ್ಯಾಯವಾದದ್ದು. ತೆಗೆಯಬೇಕೇ ಬೇಡವೇ ಎಂಬುದಕ್ಕಿಂತ ಯಾವಾಗ, ಯಾವ ಮಣ್ಣನ್ನು, ಯಾವ ನೀರಿಗೆ ಕದಡುತ್ತೇವೆ ಎಂಬುದೇ ನನ್ನ ಚಿಂತೆ.

ಮೊದಲನೆಯದಾಗಿ, ಮಳೆಗಾಲದಲ್ಲಿ ಏನೂ ಸಾಯುವುದಿಲ್ಲ ಎಂಬುದೇ ಸುಳ್ಳು. ನೀರು ಸಪ್ಪೆಯಾದಾಗ ಎಷ್ಟೋ ಬೆಳಚು ಸಾಯುತ್ತವೆ. ಉಳಿದವು ಮಳೆ ನಿಂತು ಅಳಿವೆಗೆ ಉಪ್ಪು ಮರಳಿದ ಮೇಲೆ ಸಂತಾನಕ್ಕೆ ತೊಡಗುತ್ತವೆ. ಕಣ್ಣಿಗೆ ಕಾಣದ ಮರಿಗಳು ಕೆಲವು ವಾರ ನೀರಿನಲ್ಲಿ ತೇಲಿ, ಆಮೇಲೆ ತಳದ ಮರಳಿಗಿಳಿದು ಬೀಡು ಬಿಡುತ್ತವೆ. ಡ್ರೆಜರ್ ಬರುವುದು ಯಾವಾಗ? ಆಷಾಢದಲ್ಲಿ ಅದು ಈ ಕಡಲಿಗೆ ಇಳಿಯಲಾರದು. ಸಮುದ್ರ ಶಾಂತವಾದ ಮೇಲೆ, ಅಂದರೆ ಸರಿಯಾಗಿ ಆ ಮರಿಗಳು ತಳಕ್ಕಿಳಿಯುವ ತಿಂಗಳುಗಳಲ್ಲೇ ಬರುತ್ತದೆ. ಬಲಿತ ಬೆಳಚು ಚಿಪ್ಪು ಮುಚ್ಚಿಕೊಂಡು ಕೆಲ ದಿನ ತಡೆದೀತು. ಸಾಸಿವೆಯಷ್ಟೂ ಇಲ್ಲದ ಮರಿಯ ಮೇಲೆ ತೆಳುವಾಗಿ ಕೆಸರು ಕೂತರೂ ಸಾಕು, ಅದು ಉಸಿರುಗಟ್ಟುತ್ತದೆ.

ಎರಡನೆಯದು ಮಣ್ಣಿನ ಸಂಗತಿ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಹಾಗಾಗಿ ಈಗ ತೋರಿಸಿಯೇ ಬಿಡುತ್ತೇನೆ. ಒಮ್ಮೆ ಯೋಜನೆಯ ಎಂಜಿನಿಯರೊಬ್ಬರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ, ಪಾರದರ್ಶಕ ಕೊಳವೆಯನ್ನು ಅಳಿವೆಯ ತಳಕ್ಕೆ ಒತ್ತಿ ಮೇಲೆತ್ತಿದೆ. ಮೇಲಿನ ಎರಡು ಬೆರಳಷ್ಟು ಮಣ್ಣು ಕಂದು. ಅದರ ಕೆಳಗೆ ಕಾಡಿಗೆಯಂಥ ಕಪ್ಪು. ಮುಚ್ಚಳ ತೆಗೆದ ಕೂಡಲೇ ಕೊಳೆತ ಮೊಟ್ಟೆಯ ನಾತ. ಆ ಕಪ್ಪು ಕೆಸರನ್ನು ತಟ್ಟೆಯಲ್ಲಿ ಹರಡಿ ಬಿಸಿಲಿಗಿಟ್ಟೆವು. ಊಟ ಮುಗಿಸಿ ಬರುವಷ್ಟರಲ್ಲಿ ಮೇಲ್ಮೈ ಕಂದು ಬಣ್ಣಕ್ಕೆ ತಿರುಗಿತ್ತು. ಗಾಳಿಯಲ್ಲಿದ್ದ ಆಮ್ಲಜನಕವನ್ನು ಅದು ಹೀರಿಕೊಂಡಿತ್ತು, ಅಷ್ಟೇ. ಇದೇ ಕೆಸರನ್ನು ನೀರಿನೊಳಗೆ ಕದಡಿದರೆ ಮೀನು ಉಸಿರಾಡುವ ಆಮ್ಲಜನಕವನ್ನೇ ಹೀರುತ್ತದೆ. ಜೊತೆಗೆ ಸಲ್ಫೈಡ್ ಎಂಬ ವಿಷ ಬಿಡುಗಡೆಯಾಗುತ್ತದೆ, ಬಂದರು ಪ್ರದೇಶವಾದರೆ ವರ್ಷಗಳಿಂದ ತಳದಲ್ಲಿ ಹೂತಿದ್ದ ಲೋಹಗಳೂ ಎದ್ದು ಬರಬಹುದು. ಮಳೆಗಾಲದ ಕೆಂಪು ಮಣ್ಣು ಹಾಗಲ್ಲ. ಅದು ಘಟ್ಟದಿಂದ ಗಾಳಿ ಬೆಳಕು ಕಂಡೇ ಇಳಿದು ಬಂದದ್ದು. ಬಹುಪಾಲು ಹಗುರವಾದ ಸಿಹಿನೀರಿನ ಜೊತೆ ಮೇಲ್ಪದರದಲ್ಲೇ ಕಡಲಿಗೆ ಸಾಗುತ್ತದೆ. ಆ ಎಂಜಿನಿಯರು ತಟ್ಟೆಯನ್ನು ಮೂಸಿ ನೋಡಿ ಸುಮ್ಮನಾದರು. ಮುಂದಿನ ಸಭೆಯಲ್ಲಿ ಆ ಪ್ರಶ್ನೆ ಅವರಿಂದ ಬರಲಿಲ್ಲ.

"ಮಣ್ಣು ಅಲ್ಲೇ ಕೂರುತ್ತದಲ್ಲ" ಎನ್ನುವವರೂ ಇದ್ದಾರೆ. ಮರಳಾದರೆ ಹೌದು. ಐದು ಮೀಟರ್ ಆಳದ ನಿಂತ ನೀರಿನಲ್ಲಿ 0.2 ಮಿಲಿಮೀಟರಿನ ಮರಳಿನ ಕಣ ಕೆಲವೇ ನಿಮಿಷಗಳಲ್ಲಿ ತಳ ಮುಟ್ಟುತ್ತದೆ. 0.01 ಮಿಲಿಮೀಟರಿನ ನುಣುಪು ಹೂಳಿಗೆ ಸುಮಾರು 16 ಗಂಟೆ ಬೇಕು. ಉಪ್ಪುನೀರಿನಲ್ಲಿ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ಕೂರುವುದೂ ಉಂಟು, ಹಾಗಾಗಿ ಈ ಲೆಕ್ಕವನ್ನು ಅಂದಾಜೆಂದೇ ಹಿಡಿಯಿರಿ. ನಮ್ಮ ಕರಾವಳಿಯಲ್ಲಿ ಒಂದು ಭರತದಿಂದ, ಅಂದರೆ ಕಡಲ ಉಬ್ಬರದಿಂದ, ಇನ್ನೊಂದು ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಅಳಿವೆಯ ಬಾಯಲ್ಲಿ ಕದಡಿದ ಕೆಸರು ತಳ ಸೇರುವ ಮೊದಲೇ ಒಮ್ಮೆ ಒಳಗೆ, ಒಮ್ಮೆ ಹೊರಗೆ ಓಡಾಡಿರುತ್ತದೆ. ಒಳಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡವಿದೆ, ಬೆಳಚಿನ ಹಾಸುಗಳಿವೆ.

ಬೆಳಚು ಹೆಕ್ಕುವ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಕಾಲ್ಬೆರಳಲ್ಲೇ ತಳ ತಡಕುತ್ತಿದ್ದ ಹಿರಿಯರೊಬ್ಬರನ್ನು, "ಅಮ್ಮಾ, ಆ ಕಡೆ ಏಕೆ ಹೋಗುವುದಿಲ್ಲ?" ಎಂದು ಕೇಳಿದ್ದೆ. "ಅಲ್ಲಿ ಕಾಲು ಮೆತ್ತಗೆ ಹೂತುಹೋಗುತ್ತದೆ ತಮ್ಮಾ, ಮರಳು ಚುಚ್ಚಿದ ಕಡೆ ಮಾತ್ರ ಬೆಳಚು" ಎಂದರು. ನಾನು ಮೂರು ದಿನ ಜರಡಿ ಹಿಡಿದು ಬರೆದ ನಕ್ಷೆ ಅವರ ಕಾಲ್ಬೆರಳಲ್ಲಿ ಆಗಲೇ ಇತ್ತು. ಅಂದಿನಿಂದ ಮಾದರಿ ಸಂಗ್ರಹಿಸುವ ಜಾಗ ಗುರುತಿಸುವ ಮೊದಲು ಅವರಂಥವರನ್ನೇ ಕೇಳುತ್ತೇನೆ. ಇಂಥ ಕೈಕಾಲುಗಳು ದುಡಿಯುವ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ.

ಇನ್ನೊಂದು ಮಾತು, ಚಿಕ್ಕದಾಗಿ. "ಇದು ನಿರ್ವಹಣೆಯ ಹೂಳೆತ್ತುವಿಕೆ, ಅನುಮತಿ ಬೇಕಿಲ್ಲ" ಎಂಬ ಮಾತನ್ನು ಪೂರ್ತಿ ಓದದೆ ಹೇಳಬೇಡಿ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ವಿನಾಯಿತಿ ಸಿಗುವುದು, ಆ ಹೂಳೆತ್ತುವಿಕೆ ಮೂಲ ಯೋಜನೆಯಲ್ಲೇ ಸೇರಿ, ಅದಕ್ಕೆ ಪರಿಸರ ನಿರ್ವಹಣಾ ಯೋಜನೆ ಸಿದ್ಧವಾಗಿ, ಅನುಮತಿ ಪಡೆದಿದ್ದರೆ ಮಾತ್ರ.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಜನವರಿಯ ಒಂದು ಮಧ್ಯಾಹ್ನ ತುಂಬಿಸಿದ ಒಂದು ಬಾಟಲಿ ನೀರನ್ನು ನನ್ನ ಮೇಜಿನ ಮೇಲಿಟ್ಟು ವರದಿ ಕೇಳಬೇಡಿ. ಹುಣ್ಣಿಮೆಯ ದೊಡ್ಡ ಭರತದಲ್ಲೂ ಅಷ್ಟಮಿಯ ಮಂದ ಭರತದಲ್ಲೂ, ಏರುವಾಗಲೂ ಇಳಿಯುವಾಗಲೂ, ಮೇಲಿನ ನೀರೂ ತಳದ ನೀರೂ ಬೇಕು. ಮಳೆಗೆ ಮುಂಚೆ, ಮಳೆಯಲ್ಲಿ, ಮಳೆಯ ನಂತರ, ಹೀಗೆ ವರ್ಷವಿಡೀ ಬೇಕು. ಕೆಲಸ ಮಾಡಲೇಬೇಕಾದರೆ ಮರಿಗಳು ತಳಕ್ಕಿಳಿಯುವ ತಿಂಗಳುಗಳನ್ನು ಬಿಟ್ಟು, ಬೆಳಚಿನ ಹಾಸು ಒಳಗಿದ್ದರೆ ಇಳಿತದ ಹೊತ್ತಿನಲ್ಲಷ್ಟೇ ಯಂತ್ರ ಓಡಿಸಬಹುದು. ಯಾವ ತಿಂಗಳು ಎಂಬುದು ಅಳಿವೆಯಿಂದ ಅಳಿವೆಗೆ ಬದಲಾಗುತ್ತದೆ. ಕಾಳಿ ನದಿಯ ಲೆಕ್ಕವನ್ನು ಗಂಗಾವಳಿ ನದಿಗೆ ಹಚ್ಚಿ ನಾನು ಸಹಿ ಹಾಕಲಾರೆ. ಟೆಂಡರ್ ಕರೆಯುವುದಕ್ಕೆ ಒಂದು ವರ್ಷ ಮೊದಲು ನನ್ನನ್ನು ಕರೆಯಿರಿ, ದೋಣಿ ಮತ್ತು ಕೊಳವೆ ನಾನು ತರುತ್ತೇನೆ.